ನಾಲ್ಕು ಗೂಟಗಳ ನಡುವಿನ ಭತ್ತ

ಆ ಕುರ್ಚಿ ಬೇಡ ಮಗು, ಅದರ ಕಾಲು ಅಲ್ಲಾಡುತ್ತದೆ, ಈ ಕಡೆ ಕೂತುಕೋ. ಎಲ್ಲಿದ್ದೆವು? ಹಾಂ, ನನ್ನ ತಂಗಿಯ ಮಗಳು ತುಂಬಿದ ಸಭೆಯಲ್ಲಿ ಸಾಹೇಬರ ಮುಂದೆ ಕೆಸರು ಮೆತ್ತಿದ ನಾಲ್ಕು ಗೂಟ ಎಸೆದು ಬಂದಳಲ್ಲ, ಅದರ ಕಥೆ. ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಂಡು ತಿರುಗುತ್ತಿದ್ದಾರೆ. ಗೂಟದಲ್ಲಿ ಹೊಡೆದಳು ಅಂತಲೂ ಹೇಳುತ್ತಿದ್ದಾರಂತೆ. ಹೊಡೆದಿಲ್ಲ. ಹೊಡೆಯಬೇಕಿತ್ತೋ ಇಲ್ಲವೋ ಅದು ಬೇರೆ ಮಾತು. ಎಸೆದಳು ಅನ್ನುವುದೂ ಸುಳ್ಳು, ಇಟ್ಟಳು. ಮೊದಲಿನಿಂದ ಹೇಳುತ್ತೇನೆ, ಹಾಗೇ ಬರೆದುಕೋ.

ಅವಳನ್ನು ಈಗ ಎಲ್ಲರೂ ಅಳತೆಯಕ್ಕ ಅನ್ನುತ್ತಾರೆ. ಅದಕ್ಕೂ ಮುಂಚೆ ಹದಿನಾರು ವರ್ಷ ಅವಳು ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆದವಳು. ಅಳೆಯುವಾಗ ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಅಂಗಡಿಯವರೆಲ್ಲ ಬಟ್ಟೆಯನ್ನು ಸ್ವಲ್ಪ ಎಳೆದು ಹಿಡಿದು ಅಳೆಯುತ್ತಾರಲ್ಲ, ನೀನೂ ಎಳೆಯಮ್ಮ ಅಂತ ಒಂದು ದಿನ ಮಾಲೀಕ ಹೇಳಿದ. ಅಳತೆಗೋಲನ್ನು ಗಲ್ಲಾದ ಮೇಲಿಟ್ಟು ಮನೆಗೆ ಬಂದಳು. ಅಷ್ಟೇ, ಮತ್ತೆ ಆ ಬೀದಿಗೂ ಹೋಗಲಿಲ್ಲ. ಸಿಟ್ಟು ಅವಳಿಗೆ ಹುಟ್ಟಿನಿಂದ ಮೂಗಿನ ತುದಿಯಲ್ಲೇ ಇದೆ, ನನ್ನ ತಂಗಿಯದೇ ಮೂಗು. ಗಂಡ ಗಡಿಯಾರ ರಿಪೇರಿಯವನು, ಮೆತ್ತಗಿನ ಮನುಷ್ಯ, ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ತಮಾಷೆ. ಇವಳಿಗೆ ಇಂಥವನೇ ಸಿಗಬೇಕಿತ್ತು, ಸಿಕ್ಕ.

ಆಮೇಲೆ ಈ ಯೋಜನೆ ಬಂತು. ಮಳೆ ಬಿಸಿಲು ಎರಡೂ ಕೈಕೊಡುತ್ತಿವೆ, ಬೇಸಾಯ ಅದಕ್ಕೆ ತಕ್ಕಂತೆ ಬದಲಾಗಬೇಕು ಅಂತ ಜಿಲ್ಲೆ ಜಿಲ್ಲೆಗಳಲ್ಲಿ ಹೊಸ ಪದ್ಧತಿ ಹೇಳಿಕೊಟ್ಟರು. ಅದರಲ್ಲಿ ಮುಖ್ಯವಾದದ್ದು ಭತ್ತದ್ದು. ಗದ್ದೆಯಲ್ಲಿ ಸದಾ ನೀರು ನಿಲ್ಲಿಸಬೇಡಿ, ಕೆಲವು ದಿನ ಒಣಗಲು ಬಿಡಿ, ಆಮೇಲೆ ಮತ್ತೆ ನೀರು ಹಾಯಿಸಿ. ನೀರು ಉಳಿಯುತ್ತದೆ, ಗದ್ದೆಯಿಂದ ಏಳುವ ಕೆಟ್ಟ ಗಾಳಿಯೂ ಕಡಿಮೆಯಾಗುತ್ತದೆ ಅಂತ. ಜನ ಅದಕ್ಕೆ ಒಣಪಾಳಿ ಅಂತ ಹೆಸರಿಟ್ಟರು. ಹೇಳಿಕೊಡುವವರು ಬೇರೆ. ಹೇಳಿಕೊಟ್ಟದ್ದರಿಂದ ಏನಾಯಿತು, ಇಳುವರಿ ಇಳಿಯಿತೋ ಏರಿತೋ ನೋಡಿ ಬರೆಯಲು ಹನ್ನೊಂದು ಜನರನ್ನು ಬೇರೆಯಾಗಿ ಇಟ್ಟುಕೊಂಡರು. ಅವರಲ್ಲಿ ಇವಳೊಬ್ಬಳು. ಇವಳ ಪಾಲಿಗೆ ನಲವತ್ತನಾಲ್ಕು ಗದ್ದೆ. ಕಚೇರಿಯವರು ಕೊಟ್ಟ ಫೋನು, ಟೇಪು, ಹಗ್ಗ, ಕೊಕ್ಕೆ ತಕ್ಕಡಿ, ಚೀಲಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ಮೂರು ಬೆಳೆ ತಿರುಗಿದಳು. ಕೆಸರಿಗೆ ಹೆದರಲಿಲ್ಲ, ನಾಯಿಗೆ ಹೆದರಿದಳು, ಅದು ನಮ್ಮ ಮನೆತನದ್ದೇ ಹೆದರಿಕೆ.

ಈಗ ಹೇಳುವುದನ್ನು ಸರಿಯಾಗಿ ಕೇಳಿಸಿಕೋ. ಇಡೀ ಗದ್ದೆಯ ಭತ್ತವನ್ನು ಯಾರೂ ತೂಗುವುದಿಲ್ಲ. ಐದು ಮೀಟರ್ ಉದ್ದ ಐದು ಮೀಟರ್ ಅಗಲದ ಒಂದು ಚೌಕವನ್ನು ಕೊಯ್ದು, ಬಡಿದು, ತೂಗಿ, ಅದರ ಮೇಲೆ ಲೆಕ್ಕ ಕಟ್ಟುತ್ತಾರೆ. ಆ ಚೌಕ ಎಲ್ಲಿ ಅನ್ನುವುದು ಕೊಯ್ಲಿನ ದಿನದವರೆಗೆ ಯಾರಿಗೂ ಗೊತ್ತಿರಬಾರದು. ಆ ದಿನ ಎರಡು ಚೀಟಿ ಎತ್ತಬೇಕು. ಒಂದರಲ್ಲಿ ಬಂದಷ್ಟು ಹೆಜ್ಜೆ ಬದುವಿನ ಮೇಲೆ, ಇನ್ನೊಂದರಲ್ಲಿ ಬಂದಷ್ಟು ಹೆಜ್ಜೆ ಗದ್ದೆಯ ಒಳಕ್ಕೆ. ಅಲ್ಲಿ ಹಗ್ಗ ಹಾಸಬೇಕು. ಬೋಳು ಜಾಗ ಬಂದರೂ ಸರಿ, ಇಲಿ ತಿಂದ ಜಾಗ ಬಂದರೂ ಸರಿ. ಹಳೆಯ ನಿಯಮ ಇದು.

ಮೊದಲ ಬೆಳೆಯ ನಾಟಿಗೆ ಮುಂಚೆಯೇ ಇವಳಿಗೆ ಅದು ಹಿಡಿಸಲಿಲ್ಲ. ಹದಿನೈದು ದಿನಕ್ಕೊಮ್ಮೆ ಪೈರಿನ ಎತ್ತರ ಅಳೆಯಬೇಕು, ಫೋಟೋ ಕಳಿಸಬೇಕು. ಒಂದು ಸಲ ಈ ಮೂಲೆ, ಇನ್ನೊಂದು ಸಲ ಆ ಮೂಲೆ, ಹಾಳೆಯೆಲ್ಲ ಚಿತ್ತುಕಾಟು. ಅಚ್ಚುಕಟ್ಟಿನ ಹೆಣ್ಣು. ತಾನೇ ಯೋಚನೆ ಮಾಡಿ ಕಚೇರಿಗೆ ಬರೆದಳು: ನಾಟಿಯ ದಿನವೇ ಗದ್ದೆಯ ನಡುವೆ ನಾಲ್ಕು ಗೂಟ ಹೊಡೆದುಬಿಡೋಣ, ಬೆಳೆಯುದ್ದಕ್ಕೂ ಅದೇ ಚೌಕವನ್ನು ನೋಡೋಣ, ಕೊನೆಗೆ ಅದನ್ನೇ ಕೊಯ್ಯೋಣ. ಕಚೇರಿಗೆ ಖುಷಿಯೋ ಖುಷಿ. ಸಾಹೇಬರು ಸಭೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಉಳಿದ ಹತ್ತು ಜನವೂ ಹೀಗೇ ಮಾಡಬೇಕು ಅಂದರು. ಇವಳು ತಾರಸಿಯ ಮೇಲೆ ಕೂತು ನೂರ ಎಪ್ಪತ್ತಾರು ಗೂಟ ಚೂಪು ಮಾಡಿ, ತುದಿಗೆ ಕೆಂಪು ಬಣ್ಣ ಬಳಿದಳು. ಗಂಡ ಬಣ್ಣದ ಡಬ್ಬ ಹಿಡಿದುಕೊಂಡು, ಇಷ್ಟು ಗೂಟ ಹೊಡೆಯುವವಳು ನನಗೊಂದು ಹೊಡೆಯದೆ ಬಿಟ್ಟಿದ್ದೇ ದೊಡ್ಡದು ಅಂದನಂತೆ.

ಮೂರು ಬೆಳೆ ಹಾಗೇ ನಡೆಯಿತು. ಅಂಕಿಗಳು ಚೆನ್ನಾಗಿ ಬಂದವು. ಗದ್ದೆ ಒಣಗಿಸಿದರೂ ಇಳುವರಿ ಇಳಿದಿಲ್ಲ. ನೀರು ಮೊದಲು ಮುಟ್ಟುವ ಕಾಲುವೆಯ ತಲೆಯ ಕಡೆಯಲ್ಲೂ ಅಷ್ಟೇ, ಕೊನೆಯ ಕಡೆಯಲ್ಲೂ ಅಷ್ಟೇ. ಊರ ಸಭೆಗಳಲ್ಲಿ ಯಾರ ಚೌಕದಲ್ಲಿ ಎಷ್ಟು ಬಂತು ಅಂತ ಓದುತ್ತಿದ್ದರು, ಹೆಚ್ಚು ಬಂದವರಿಗೆ ಚಪ್ಪಾಳೆ. ನಾಲ್ಕನೆಯ ಬೆಳೆ ಹೂವಿಗೆ ಬಂತು.

ಕೊನೆಯ ಕಡೆಯ ಗದ್ದೆಗಳಿಗೆ ಅವಳು ಹೋಗುತ್ತಿದ್ದದ್ದು ಶುಕ್ರವಾರ. ಆ ವಾರ ಸ್ಕೂಟರನ್ನು ಶುಕ್ರವಾರವೇ ಮೆಕ್ಯಾನಿಕ್‌ಗೆ ಬಿಡಬೇಕಿತ್ತು, ಅದಕ್ಕೆ ಮಂಗಳವಾರ ಬೆಳಿಗ್ಗೆಯೇ ಹೊರಟಳು. ಕಾಲುವೆ ಮುಗಿಯುವ ಜಾಗದಲ್ಲಿ ಒಬ್ಬ ಹೆಂಗಸಿನ ಗದ್ದೆ ಇದೆ. ಅರವತ್ತು ದಾಟಿದ ಹೆಂಗಸು, ಊರಿಗೆಲ್ಲ ಚಿಕ್ಕಮ್ಮ, ಮೈಯೆಲ್ಲ ಮೂಳೆ, ನಾಲಿಗೆ ಮಾತ್ರ ಪುಷ್ಟಿ. ಅಳತೆಯಕ್ಕ ಬದುವಿನ ಮೇಲೆ ಬಂದಾಗ ಚಿಕ್ಕಮ್ಮ ಗೂಟಗಳ ನಡುವೆ ನಿಂತಿದ್ದಳು. ಸೊಂಟದ ಮೇಲೆ ಕೊಡ. ಬುಡ ಬುಡಕ್ಕೆ ನೀರು ಬಗ್ಗಿಸುತ್ತಿದ್ದಳು.

"ಇವತ್ತು ಶುಕ್ರವಾರ ಅಲ್ವಲ್ಲ," ಅಂದಳು ಚಿಕ್ಕಮ್ಮ.

"ಏನ್ ಮಾಡ್ತಿದೀರಿ ಇಲ್ಲಿ?"

"ಕಾಣಲ್ವಾ? ನಿನ್ ಚೌಕಕ್ಕೆ ನೀರು ಹಾಕ್ತಿದೀನಿ. ನೆಂಟರು ಬರೋ ಮನೇಲಿ ಯಾರಾದ್ರೂ ಕಸ ಹಾಗೇ ಬಿಡ್ತಾರಾ?"

"ಎಷ್ಟು ದಿನದಿಂದ?"

"ನೀನು ಮೊದಲ್ನೇ ಸಲ ಗೂಟ ಹೊಡೆದ ದಿನದಿಂದ. ಬೆಳಿಗ್ಗೆ ಎಂಟು ಕೊಡ, ಬಿಸಿಲು ಜಾಸ್ತಿ ಆದ್ರೆ ಸಂಜೆ ಇನ್ನಾರು. ಪಕ್ಕದೋನು ಹನ್ನೆರಡು ಹಾಕ್ತಾನೆ. ಅವನ ಚೌಕ ನಂದಕ್ಕಿಂತ ಹಸಿರಾಗಿದೆ, ನಂಗೊತ್ತು, ನೀನೇನೂ ಹೇಳ್ಬೇಡ."

ಅಳತೆಯಕ್ಕ ಆಗ ನೋಡಿದಳು. ಗೂಟಗಳ ಒಳಗೆ ಪೈರು ಕಪ್ಪುಹಸಿರು, ತೆನೆ ತೂಗುತ್ತಿತ್ತು, ಹುಡುಕಿದರೂ ಒಂದು ಕಳೆ ಇಲ್ಲ. ಗೂಟಗಳ ಆಚೆ ಎಲೆಯ ತುದಿ ಹಳದಿ, ನೆಲದಲ್ಲಿ ಕಾಲಿನ ಹೆಬ್ಬೆರಳು ಇಳಿಯುವಷ್ಟು ಬಿರುಕು. ಮೊದಲು ಕಂಡಿರಲಿಲ್ಲ ಅಂತಲ್ಲ ಮಗು. ಕಂಡಿತ್ತು. ಚೌಕ ಗದ್ದೆಯ ನಡುವೆ ಇದೆ, ನಡುವಿನ ಪೈರು ಯಾವಾಗಲೂ ಒಂದು ಪಾಲು ಹೆಚ್ಚೇ ಅಂತ ತನಗೆ ತಾನೇ ಹೇಳಿಕೊಂಡಿದ್ದಳು. ತಾನೇ ಕಂಡುಹಿಡಿದ ಪದ್ಧತಿ, ಅದರ ಮೇಲೆ ಅನುಮಾನ ಪಡಲು ಮನಸ್ಸು ಬರುವುದಿಲ್ಲ.

ಅವಳು ಚಿಕ್ಕಮ್ಮನ ಮೇಲೆ ಹರಿಹಾಯ್ದಳು. ಯಾರು ನಿಮಗೆ ನೀರು ಹಾಕಿ ಅಂದಿದ್ದು, ಮೂರು ಬೆಳೆಯ ಕೆಲಸ ಮಣ್ಣುಪಾಲು ಮಾಡಿದಿರಿ, ಇನ್ನೂ ಏನೇನೋ. ಪಕ್ಕದ ಗದ್ದೆಯವರು ತಲೆ ಎತ್ತಿ ನೋಡುವಷ್ಟು ಜೋರಾಗಿ. ಚಿಕ್ಕಮ್ಮ ಕೊಡ ಕೆಳಗಿಟ್ಟು ಕೊನೆಯವರೆಗೂ ಕೇಳಿಸಿಕೊಂಡಳು.

"ಮೈಮುರಿದು ದುಡಿದಿದ್ದಕ್ಕೆ ಬೈಸ್ಕೊಳ್ಳೋದು ನಂಗೆ ಹೊಸದು ಕಣವ್ವ," ಅಂದಳು. "ಗಂಡನ ಮನೇಲೂ ಈ ಪಾಟಿ ಆಗಿರ್ಲಿಲ್ಲ."

ಅಲ್ಲಿಂದ ಅವಳು ನೇರ ಮನೆಗೆ ಹೋಗಲಿಲ್ಲ. ಹೇಳದೆ ಕೇಳದೆ ಹನ್ನೊಂದು ಗದ್ದೆಗಳಿಗೆ ನುಗ್ಗಿದಳು. ಹತ್ತರಲ್ಲಿ ಇದೇ ಕಥೆ. ಒಬ್ಬ ಕೋಳಿಗೊಬ್ಬರವನ್ನು ಚೌಕಕ್ಕೆ ಮಾತ್ರ ಹಾಕಿದ್ದ. ಇನ್ನೊಬ್ಬ ಸತ್ತ ಬುಡಗಳನ್ನು ಕಿತ್ತು ಬೇರೆ ಕಡೆಯಿಂದ ತಂದ ಸಸಿ ನೆಟ್ಟಿದ್ದ. ಮತ್ತೊಬ್ಬ ಹಕ್ಕಿ ಓಡಿಸಲು ಬೆದರುಗೊಂಬೆಯನ್ನು ಸರಿಯಾಗಿ ಗೂಟಗಳ ನಡುವೆ ನಿಲ್ಲಿಸಿ, ಅಳತೆಯಕ್ಕನ ಫೋಟೋದಲ್ಲಿ ಬರುತ್ತದೆ ಅಂತ ಅದಕ್ಕೆ ತನ್ನ ಒಳ್ಳೆಯ ಅಂಗಿ ತೊಡಿಸಿದ್ದ. ಶುಕ್ರವಾರ ಬೆಳಿಗ್ಗೆ ತೆಗೆದು ಇಸ್ತ್ರಿ ಮಾಡಿ ಮತ್ತೆ ತೊಡಿಸುತ್ತಾನಂತೆ. ಯಾರಲ್ಲೂ ಕಪಟವಿರಲಿಲ್ಲ. ಬರೆದುಕೊಳ್ಳಲು ಒಬ್ಬಳು ಬರುತ್ತಾಳೆ, ಬಂದವಳಿಗೆ ಚೆನ್ನಾಗಿರುವುದನ್ನು ತೋರಿಸಬೇಕು, ಅಷ್ಟೇ ಅವರ ತಲೆಯಲ್ಲಿದ್ದದ್ದು.

ಉಳಿದ ಒಂದು ಗದ್ದೆ, ಹಾಸಿಗೆ ಹಿಡಿದ ಹೆಂಡತಿಯನ್ನು ನೋಡಿಕೊಳ್ಳುವ ಒಬ್ಬ ಮುದುಕನದು. ಅವನಿಗೆ ಚೌಕಕ್ಕೆ ನೀರು ಹೊರಲು ಪುರುಸೊತ್ತಿರಲಿಲ್ಲ. ಮೂರು ಬೆಳೆಯಲ್ಲೂ ಅವನದೇ ಎಲ್ಲರಿಗಿಂತ ಕಡಿಮೆ ಅಂಕಿ. ಅದರ ಮುಂದೆ ಅವಳು ತನ್ನ ಕೈಯಾರೆ 'ರೈತನ ನಿರ್ಲಕ್ಷ್ಯ' ಅಂತ ಬರೆದಿದ್ದಳು. ಆ ಹನ್ನೊಂದರಲ್ಲಿ ನಿಜವಾದ ಒಂದೇ ಅಂಕಿ, ಅದಕ್ಕೆ ಈ ಹಣೆಪಟ್ಟಿ.

ಸಂಜೆ ಮನೆಯಲ್ಲಿ ಪಾತ್ರೆಗಳಿಗೆ ಗ್ರಹಚಾರ. ಅವಳ ಅಡುಗೆಮನೆ ನೋಡಿದ್ದೀಯಲ್ಲ, ಇಬ್ಬರು ನಿಂತರೆ ಮೂರನೆಯವರು ಕಿಟಕಿಯಲ್ಲಿರಬೇಕು. ಅಲ್ಲಿ ತಟ್ಟೆ ಕುಕ್ಕಿದರೆ ಮುಂದಿನ ಕೋಣೆಯ ಗಡಿಯಾರಗಳೆಲ್ಲ ನಡುಗುತ್ತವೆ. ಪಾತ್ರೆ ಏನು ತಪ್ಪು ಮಾಡಿತು ಹೇಳು, ಅದನ್ನೂ ಬರೆದಿಡೋಣ ಅಂದ ಗಂಡ. ಅವಳು ಹಳೆಯ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿದಳು. ಪ್ರತಿ ಹಾಳೆಯ ಕೆಳಗೆ ದುಂಡಗಿನ ಅವಳ ಸಹಿ. ಜನರ ಮೇಲಿನ ಸಿಟ್ಟು ಅಲ್ಲಿಗೆ ಇಳಿದು ತನ್ನ ಮೇಲೇ ತಿರುಗಿತು. ಚೀಟಿ ಎತ್ತುವ ನಿಯಮ ಮಾಡಿದವರು ದಡ್ಡರಾಗಿರಲಿಲ್ಲ. ಇಂಥದ್ದೇ ಆಗುತ್ತದೆ ಅಂತ ಗೊತ್ತಿದ್ದೇ ಮಾಡಿದ್ದರು. ಫೋಟೋ ಅಂದವಾಗಿ ಬರಲಿ ಅಂತ ಅದನ್ನು ಮುರಿದವಳು ಇವಳು. ಉಳಿದ ಹತ್ತು ಜನರ ಕೈಯಲ್ಲೂ ಮುರಿಸಿದವಳು ಇವಳು.

ಮರುದಿನ ಕಚೇರಿ. ಎರಡನೆಯ ಮಹಡಿ, ಉದ್ದದ ಕೋಣೆ, ಗೋಡೆಯ ಮೇಲೆ ನಕ್ಷೆ, ನಕ್ಷೆಯ ತುಂಬ ಹಸಿರು ಗುಂಡುಸೂಜಿ. ಸಾಹೇಬರಿಗೆ ಮೂವತ್ತೈದು ದಾಟಿರಲಿಕ್ಕಿಲ್ಲ. ಮೃದು ಮಾತು, ಮೃದು ಕೈ, ಎಲ್ಲರಿಗೂ ಮೇಡಂ, ಸರ್. ಬಾಯಿಮಾತಿಗಾದರೂ ಕುಳಿತುಕೊಳ್ಳಿ ಅನ್ನುತ್ತಾರೆ, ಅದರಲ್ಲಿ ನಾನು ಸುಳ್ಳು ಹೇಳಬಾರದು. ಇವಳು ಎಲ್ಲವನ್ನೂ ಹೇಳಿದಳು. ಮೂರು ಬೆಳೆಯ ಅಂಕಿ ಹೊಡೆದುಹಾಕಿ, ತಪ್ಪು ನನ್ನದು ಅಂತ ಬರೆದುಕೊಡುತ್ತೇನೆ ಅಂದಳು. ಅವರು ಪೂರ್ತಿ ಕೇಳಿ, ಪೆನ್ನಿನ ಮುಚ್ಚಳ ಹಾಕಿದರು.

"ಇದು ಸಮಸ್ಯೆ ಅಲ್ಲ ಮೇಡಂ. ರೈತರು ಅಷ್ಟು ಕಾಳಜಿ ತಗೊಂಡಿದ್ದಾರೆ ಅಂದ್ರೆ ಅದು ಅವರ ಪಾಲ್ಗೊಳ್ಳುವಿಕೆ. ವರದಿಯಲ್ಲಿ ಅದಕ್ಕೂ ಒಂದು ಸಾಲು ಸೇರಿಸೋಣ."

ಆಮೇಲೆ ನಿಧಾನವಾಗಿ ಇನ್ನೊಂದು ವಿಷಯ ಹೊರಗೆ ಬಂತು. ಆ ಪಟ್ಟಿ ಆಗಲೇ ಕಾಲುವೆ ಮಂಡಳಿಗೆ ಹೋಗಿಯಾಗಿದೆ. ಮುಂದಿನ ತಿಂಗಳು ಇಪ್ಪತ್ತೆಂಟನೆಯ ತಾರೀಕು ಅಲ್ಲಿ ಸಭೆ. ಒಣಗಿಸಿದರೂ ಇಳುವರಿ ಇಳಿಯುವುದಿಲ್ಲ ಅಂತ ಪಟ್ಟಿ ಹೇಳುತ್ತಿರುವುದರಿಂದ, ಮುಂದಿನ ಬೆಳೆಯಿಂದ ಇಡೀ ಕಾಲುವೆಗೆ ಹತ್ತು ದಿನಕ್ಕೊಮ್ಮೆ ಮಾತ್ರ ನೀರು. ತಲೆಯ ಗದ್ದೆಗೂ ಅದೇ, ಕೊನೆಯ ಗದ್ದೆಗೂ ಅದೇ. ಒಮ್ಮೆ ಪಾಸಾದರೆ ಐದು ವರ್ಷ ಬದಲಿಸುವಂತಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೊಡದಲ್ಲಿ ಹೊತ್ತ ನೀರಿನ ಲೆಕ್ಕ ಹಿಡಿದುಕೊಂಡು ಕಾಲುವೆಯ ನೀರು ನಿಲ್ಲಿಸುತ್ತೀರಾ ಅಂತ ಕೇಳಿದಳು. ಸಾಹೇಬರು ಪಟ್ಟಿಯ ಪ್ರತಿಯನ್ನು ಅವಳ ಕಡೆಗೆ ತಿರುಗಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇದು ಯಾರ ಸಹಿ ಮೇಡಂ?"

ಮಾತು ಅಷ್ಟೇ. ಅವಳು ಮೆಟ್ಟಿಲು ಇಳಿದು ಬಂದಳು. ಅವರು ಕೂಗಾಡಿದ್ದರೆ ಒಳ್ಳೆಯದಿತ್ತು ಅಂತ ಆಮೇಲೆ ನನಗೆ ಹೇಳಿದಳು. ಕೂಗಾಡಿದವರಿಗೆ ತಿರುಗಿ ಕೂಗಬಹುದು.

ಮುಂದಿನ ತಿಂಗಳು ಕೊನೆಯ ಕಡೆಯಲ್ಲಿ ಕೊಯ್ಲು ಶುರುವಾಯಿತು. ಮೊದಲು ಚಿಕ್ಕಮ್ಮನ ಗದ್ದೆ. ಊರವರು ಹದಿನೈದು ಇಪ್ಪತ್ತು ಜನ ಬದುವಿನ ಮೇಲೆ ಸೇರಿದ್ದರು, ಚೌಕ ಎಷ್ಟು ತೂಗುತ್ತದೆ ಅಂತ ಪಂದ್ಯದ ಥರ. ಅಳತೆಯಕ್ಕ ಗೂಟಗಳ ಕಡೆಗೆ ಹೋಗಲೇ ಇಲ್ಲ. ಡಬ್ಬದಿಂದ ಚೀಟಿ ತೆಗೆದಳು. ಎತ್ತುವುದಕ್ಕೆ ನೀರಗಂಟಿಯನ್ನು ಕರೆದಳು, ಕಾಲುವೆಯ ತೂಬು ತೆಗೆದು ಹಾಕುವವನು ಅವನು. ಅವನಿಗೆ ಸ್ವಂತ ಗದ್ದೆ ಇಲ್ಲ, ಯಾರ ಪರವೂ ಇಲ್ಲ. ಇಪ್ಪತ್ತಮೂರು ಬಂತು, ಆಮೇಲೆ ಒಂಬತ್ತು. ಹೆಜ್ಜೆ ಹಾಕಿ ನಿಂತ ಜಾಗದಲ್ಲಿ ಪೈರು ಮೊಣಕಾಲಿನಷ್ಟೂ ಇರಲಿಲ್ಲ.

ಗಲಾಟೆ ಎದ್ದಿತು. ನಾವು ಸಾಕಿದ್ದನ್ನು ಬಿಟ್ಟು ಸಾಯುತ್ತಿರುವುದನ್ನು ತೂಗುತ್ತೀಯಾ ಅಂದರು. ನಮ್ಮ ಊರಿನ ಮರ್ಯಾದೆ ತೆಗೆಯಲು ಬಂದಿದ್ದೀಯಾ ಅಂದರು. ಪಕ್ಕದ ಗದ್ದೆಯ ಹನ್ನೆರಡು ಕೊಡದವನಂತೂ ಹಗ್ಗದ ಮೇಲೆ ಕಾಲಿಟ್ಟು ನಿಂತುಬಿಟ್ಟ. ಅವಳ ಮುಖ ಕೆಂಪಾಯಿತು. ಆದರೆ ಈ ಸಲ ಬೈಯಲಿಲ್ಲ. ನಿಮ್ಮ ಚೌಕದ ಅಂಕಿ ಎಲ್ಲಿಗೆ ಹೋಯಿತು ಗೊತ್ತಾ ಅಂತ ಕೇಳಿದಳು. ಹತ್ತು ದಿನದ ಪಾಳಿಯ ವಿಷಯ ಹೇಳಿದಳು. ಇದಕ್ಕೆಲ್ಲ ದಾರಿ ಮಾಡಿಕೊಟ್ಟ ಗೂಟದ ಉಪಾಯ ನನ್ನದೇ ಅಂತಲೂ ಹೇಳಿದಳು, ಒಂದು ಮಾತನ್ನೂ ನುಂಗಲಿಲ್ಲ.

ನೀರಗಂಟಿ ತಲೆ ಕೆರೆದುಕೊಂಡ. "ಅಲ್ಲಿ ಹತ್ತು ದಿನಕ್ಕೆ ಬಿಟ್ರೆ ಈ ತುದಿಗೆ ಮುಟ್ಟೋದು ಹದಿನಾಲ್ಕಕ್ಕೆ. ಅದೂ ಮಧ್ಯದವರು ಯಾರೂ ಕದೀದೆ ಇದ್ರೆ. ಅಂಥ ಮಧ್ಯದವರನ್ನ ನಾನಂತೂ ನೋಡಿಲ್ಲ."

ಹಗ್ಗದ ಮೇಲಿದ್ದ ಕಾಲು ಮೆಲ್ಲಗೆ ಕೆಳಗಿಳಿಯಿತು. ಚಿಕ್ಕಮ್ಮ ಎಲ್ಲರನ್ನೂ ದಾಟಿಕೊಂಡು ತನ್ನ ಚೌಕಕ್ಕೆ ಹೋದಳು. ನಾಲ್ಕು ಗೂಟವನ್ನೂ ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತಳು, ತಂದು ಅಳತೆಯಕ್ಕನ ಕಾಲ ಬಳಿ ಹಾಕಿದಳು.

"ನನ್ ನೀರು ನಾನೇ ಹೊತ್ತು, ನನ್ ನೀರು ನಾನೇ ನಿಲ್ಲಿಸ್ಕೊಂಡೆ ಅನ್ನು. ಇದನ್ನ ನಂಗೆ ಮೊದಲ್ನೇ ದಿನವೇ ಹೇಳೋಕೆ ನಿಂಗೆ ಬಾಯಿ ಇರ್ಲಿಲ್ವಾ?"

"ನಂಗೇ ಗೊತ್ತಿರ್ಲಿಲ್ಲ ಚಿಕ್ಕಮ್ಮ."

"ಅಳೆಯೋಳಿಗೇ ಗೊತ್ತಿರ್ಲಿಲ್ಲ ಅಂದ್ರೆ ಇನ್ಯಾರ್ ಹತ್ರ ಕೇಳ್ಲಿ?" ಅಂದು, ಸೊಂಟದಿಂದ ಕುಡುಗೋಲು ತೆಗೆದಳು. "ಹಿಡ್ಕೋ ಹಗ್ಗ. ಸರಿಯಾಗ್ ಹಿಡ್ಕೋ."

ಎರಡು ಸಲ ಚೀಟಿ ಎತ್ತಿ ಎರಡು ಕಡೆ ಕೊಯ್ದರು. ಒಂದು ಏಳು ಕಿಲೋ ನಾನೂರು ಗ್ರಾಂ, ಇನ್ನೊಂದು ಎಂಟು ಕಿಲೋ ನೂರು. ಗೂಟದ ಚೌಕವನ್ನೂ ಕೊಯ್ದು ತೂಗಿದರು: ಹನ್ನೆರಡು ಕಿಲೋ ಒಂಬೈನೂರು. ಚೀಟಿಯ ಜಾಗದ ಅಂಕಿಯನ್ನು ಫೋನಿಗೆ ಹಾಕಲು ಹೋದರೆ ಅದು ಸ್ಥಳ ತಪ್ಪಾಗಿದೆ ಅಂತ ಕೆಂಪಕ್ಷರ ತೋರಿಸಿತು. ಗೂಟದ ಜಾಗ ಬಿಟ್ಟು ಬೇರೆ ಯಾವ ಜಾಗವನ್ನೂ ಅದು ಒಪ್ಪುವುದಿಲ್ಲ. ಅದನ್ನು ಹಾಗೆ ಮಾಡಿಸಿದ್ದೂ ಇವಳ ಸಲಹೆಯ ಮೇಲೆಯೇ. ಹಾಳೆಯ ಮೇಲೆ ಬರೆದಳು. ಓದು ಬರುವವರು ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಇಪ್ಪತ್ತೆಂಟರೊಳಗೆ ಹನ್ನೆರಡು ಗದ್ದೆ ಮುಗಿಯಿತು. ಹತ್ತು ಕೊನೆಯ ಕಡೆಯವು, ಎರಡು ತಲೆಯ ಕಡೆಯವು.

ಸಭೆಯ ದಿನ ಅವಳನ್ನು ಯಾರೂ ಕರೆದಿರಲಿಲ್ಲ. ತಾನೇ ಹೋದಳು, ಬಾಗಿಲ ಬಳಿ ಗೋಡೆಗೆ ಒರಗಿ ನಿಂತಳು. ಉದ್ದ ಮೇಜು, ನೀರಿನ ಬಾಟಲಿಗಳು, ಎಲ್ಲರ ಮುಂದೆ ಅದೇ ಪಟ್ಟಿ. ನಡುವಿನ ಕುರ್ಚಿಯಲ್ಲಿ ಕಾಲುವೆಯ ಇಂಜಿನಿಯರಮ್ಮ. ನಿವೃತ್ತಿಗೆ ಹತ್ತಿರದವರು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡವರು. ಸಾಹೇಬರು ಎದ್ದು, ಇಳುವರಿ ಒಂದಿಷ್ಟೂ ಇಳಿದಿಲ್ಲ ಅಂತ ಹೇಳುತ್ತಿದ್ದಂತೆ ಇವಳು ಮುಂದೆ ಬಂದು, ಚೀಲದಿಂದ ನಾಲ್ಕು ಗೂಟ ತೆಗೆದು ಅವರ ಮುಂದಿನ ಪಟ್ಟಿಯ ಮೇಲೆ ಇಟ್ಟಳು. ಪಕ್ಕದಲ್ಲಿ ತನ್ನ ಹನ್ನೆರಡು ಹಾಳೆ. ಇಟ್ಟಳು ಅಂದೆ, ಬರೆದುಕೊಂಡೆಯಲ್ಲ? ಕೆಸರು ಒಣಗಿತ್ತು, ಸ್ವಲ್ಪ ಉದುರಿತು, ಅಷ್ಟೇ.

ಹೊರಗೆ ಕಳಿಸಿ ಅಂದವರೂ ಇದ್ದರು. ಇಂಜಿನಿಯರಮ್ಮ ಕನ್ನಡಕ ಏರಿಸಿ ಹಾಳೆಗಳನ್ನು ಒಂದೊಂದಾಗಿ ನೋಡಿದರು.

"ನಿನ್ನ ಹಳೇ ಲೆಕ್ಕ ಸುಳ್ಳು ಅಂತ ನೀನೇ ಹೇಳ್ತಿದೀಯ. ಹೊಸದು ನಿಜ ಅಂತ ನಾನು ಹೇಗಮ್ಮ ನಂಬಲಿ?"

"ನಂಬ್ಬೇಡಿ. ಬಂದು ಚೀಟಿ ಎತ್ತಿ."

ಸಾಹೇಬರು ಗಂಟಲು ಸರಿಮಾಡಿಕೊಂಡು, ಈ ಮೇಡಂ ಯೋಜನೆಗೆ ವಿರೋಧವಾಗಿ ಮಾತಾಡುತ್ತಿದ್ದಾರೆ ಅಂದರು. ಆಗ ಅವಳಿಗೆ ತಡೆಯಲಾಗಲಿಲ್ಲ. ಧ್ವನಿ ನಡುಗಿತಂತೆ, ಅಳು ಅಂತ ಯಾರೋ ಅಂದುಕೊಂಡರಂತೆ. ಅಳು ಎಲ್ಲಿಂದ ಬರಬೇಕು.

"ತಲೆ ಕಡೆ ಜೇಡಿಮಣ್ಣು, ಅಲ್ಲಿ ಚೀಟಿ ಎತ್ತಿ ಕೊಯ್ದ್ರೂ ಹನ್ನೆರಡು ಕಿಲೋ ಬಂತು. ಒಣಪಾಳಿ ಅಲ್ಲಿ ಆಗತ್ತೆ. ಕೊನೇ ಕಡೆ ಮರಳುಮಣ್ಣು, ಅಲ್ಲಿ ಆಗಲ್ಲ. ಎಲ್ಲಿ ಆಗತ್ತೆ, ಎಲ್ಲಿ ಆಗಲ್ಲ ಅಂತ ಹೇಳೋಕೇ ನನ್ನನ್ನ ಇಟ್ಕೊಂಡಿದ್ದು. ಅದನ್ನ ಮೂರು ಬೆಳೆ ನಾನು ಹೇಳ್ಲಿಲ್ಲ. ಈಗ ಹೇಳ್ತಿದೀನಿ, ನಿಮಗೆ ಕೇಳೋಕೆ ಇಷ್ಟ ಇಲ್ಲ."

ಇಂಜಿನಿಯರಮ್ಮ ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಹನ್ನೆರಡು ಗದ್ದೆಯ ಮೇಲೆ ನಾನು ಕಡತ ತಡೆಯಲಾರೆ, ಒಟ್ಟು ಮೂವತ್ತು ಬೇಕು, ಪ್ರತಿ ಹಾಳೆಯಲ್ಲೂ ಆ ಗದ್ದೆಗೆ ಸಂಬಂಧಪಡದ ಇಬ್ಬರ ಸಹಿ ಇರಬೇಕು, ಭತ್ತ ಒಣಗಿಸಿ ಮತ್ತೆ ತೂಗಿರಬೇಕು, ಒಂಬತ್ತು ದಿನ ಕೊಡುತ್ತೇನೆ ಅಂದರು. ತಂದರೆ ಕಡತ ಮತ್ತೆ ತೆರೆಯುತ್ತದೆ. ತಾರದಿದ್ದರೆ ಹತ್ತನೆಯ ದಿನ ಪಾಳಿ ಪಾಸು.

ಹೊರಗೆ ಮೊಗಸಾಲೆಯಲ್ಲಿ ಸಾಹೇಬರು ಅವಳಿಂದ ಫೋನು, ಗುರುತಿನ ಚೀಟಿ, ತಕ್ಕಡಿ, ಚೀಲ ಎಲ್ಲ ವಾಪಸು ತೆಗೆದುಕೊಂಡರು. ನಾಳೆಯಿಂದ ಬರಬೇಕಾಗಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದ್ದವರು ನೀವೇ ಮೇಡಂ ಅಂತ ಬೇಜಾರಿನಿಂದಲೇ ಹೇಳಿದರಂತೆ. ಅದೇ ಮಾತು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು. ಉಳಿದ ಹತ್ತು ಜನ ಅಳತೆಯವರ ಮನೆಗೂ ಹೋದಳು, ನಿಮ್ಮ ಕಡೆಯಲ್ಲೂ ಚೀಟಿ ಎತ್ತಿ ಕೊಯ್ಯಿರಿ ಅಂತ. ಒಬ್ಬರು ಬಾಗಿಲು ತೆರೆಯಲಿಲ್ಲ, ಒಬ್ಬರು ಕಾಫಿ ಕೊಟ್ಟು ಕಳಿಸಿದರು, ಉಳಿದವರು ನೋಡೋಣ ಅಂದರು. ಕೆಲಸ ಹೋಗುತ್ತದಲ್ಲ. ಅವರನ್ನೂ ಬೈದುಕೊಂಡೇ ವಾಪಸು ಬಂದಳು.

ಈಗ ಆರು ದಿನ ಕಳೆದಿದೆ. ಇಪ್ಪತ್ತೊಂದು ಗದ್ದೆ ಆಗಿದೆ, ಒಂಬತ್ತು ಬೇಕು, ಮೂರು ದಿನ ಇದೆ. ಗದ್ದೆಯವರು ಕೊಯ್ಲು ನಿಲ್ಲಿಸಿಕೊಂಡು ಎಷ್ಟು ದಿನ ಕಾಯುತ್ತಾರೆ, ತೆನೆ ಉದುರುತ್ತದೆ. ಚಿಕ್ಕಮ್ಮ ಕುಡುಗೋಲು ಹಿಡಿದುಕೊಂಡು ಅವಳ ಸ್ಕೂಟರಿನ ಹಿಂದೆ ಕೂತು ತಿರುಗುತ್ತಿದ್ದಾಳೆ, ದಾರಿಯುದ್ದಕ್ಕೂ ಇಬ್ಬರೂ ಜಗಳ. ಗಂಡ ಅಂಗಡಿ ಮುಚ್ಚಿ ತಕ್ಕಡಿ ಹಿಡಿಯುತ್ತಿದ್ದಾನೆ, ಯಾರದೋ ಅಂಗಡಿಯಿಂದ ಕೇಳಿ ತಂದ ತಕ್ಕಡಿ. ಅವಳು ನಿನ್ನೆ ಇಲ್ಲಿ ಬಂದಿದ್ದಳು, ಐದು ನಿಮಿಷ. ನಿಂತೇ ಊಟ ಮಾಡಿದಳು. ಕೈಯೆಲ್ಲ ಭತ್ತದ ಗರಿ ಕೊಯ್ದ ಗೆರೆಗಳು. ಸಿಟ್ಟು ಇಳಿಯಿತೇನೇ ಅಂತ ಕೇಳಿದೆ. ಇಳಿದರೆ ಕೆಲಸ ಮುಗಿಯುವುದಿಲ್ಲ ದೊಡ್ಡಮ್ಮ ಅಂದಳು.

ಸಾಕು, ಬರೆದದ್ದು ಇಲ್ಲಿಗೆ ಇಡು. ಕೆಳಗೆ ಇಳಿದು ಬಲಕ್ಕೆ ಹೋದರೆ ಮೂಲೆಯಲ್ಲಿ ದರ್ಜಿಯವಳ ಅಂಗಡಿ. ಹಳೆಯ ಹೊದಿಕೆಗಳನ್ನು ಕೊಟ್ಟು ಹದಿನೆಂಟು ಚೀಲ ಹೊಲಿಯಲು ಹೇಳಿದ್ದೇನೆ, ಒಂದೊಂದು ಗದ್ದೆಗೆ ಎರಡೆರಡು, ಒಂದರ ಭತ್ತ ಇನ್ನೊಂದಕ್ಕೆ ಸೇರಬಾರದು. ಎಣಿಸಿ ತೆಗೆದುಕೋ. ತಳದ ಹೊಲಿಗೆ ಎಳೆದು ನೋಡು, ಅವಳಿಗೆ ಮಾತಿನ ಭರದಲ್ಲಿ ತಳ ಮರೆಯುವ ಅಭ್ಯಾಸ ಇದೆ. ಸೇತುವೆ ದಾಟಿ ಎಡಗಡೆಯ ಮೂರನೆಯ ಬದುವಿನಲ್ಲಿ ಸಿಗುತ್ತಾರೆ, ಹತ್ತು ಗಂಟೆಯೊಳಗೆ ಮುಟ್ಟಿಸಬೇಕು. ಮುಟ್ಟಿಸಿದವನು ಹಾಗೇ ತಿರುಗಿ ಬರಬೇಡ. ನಿನಗೆ ಅಲ್ಲಿ ಗದ್ದೆ ಇಲ್ಲ, ನೆಂಟರಿಲ್ಲ, ಓದು ಬರಹ ಇದೆ. ಚೀಟಿ ಎತ್ತು ಅಂದರೆ ಕಣ್ಣು ಮುಚ್ಚಿ ಎತ್ತು, ಕೆಳಗೆ ಸಹಿ ಹಾಕು. ಚಪ್ಪಲಿ ಬೇಡ, ಅಲ್ಲಿ ಕೆಸರು, ನನ್ನ ರಬ್ಬರ್ ಬೂಟು ಬಾಗಿಲ ಹಿಂದೆ ಇದೆ, ನಿನಗೆ ಆಗುತ್ತದೆ.